ಹನ್ನೊಂದನೇ ನಂಬರಿನ ಪಿಟೀಲು

೧೪ ಅಕ್ಟೋಬರ್ ೧೯೭೧

ತಂಗೀ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳಿದರೆ ನೀನು ನಾಲ್ಕು ಹಾಳೆ ಬರೆಯುತ್ತೀಯ, ಅದಕ್ಕೆ ಕೇಳುವುದಿಲ್ಲ.

ಆರ್ಕೆಸ್ಟ್ರಾದಲ್ಲಿ ಕೆಲಸ ಸಿಕ್ಕಿತು. ಈ ಪರದೇಶದಲ್ಲಿ ಕೆಲಸಕ್ಕೆ ಆರಿಸುವಾಗ ಪರದೆಯ ಹಿಂದೆ ನಿಂತು ನುಡಿಸಬೇಕು. ಹೆಸರಿಲ್ಲ, ಬರೀ ನಂಬರು. ನೆಲಕ್ಕೆ ಜಮಖಾನ ಹಾಸಿ ಬೂಟು ಬಿಚ್ಚಿಸುತ್ತಾರೆ. ಹೆಜ್ಜೆಯ ಸಪ್ಪಳದಿಂದ ಗಂಡೋ ಹೆಣ್ಣೋ ಗೊತ್ತಾಗಬಾರದಂತೆ. ಮುಖ ಕಂಡಿದ್ದರೆ ನನ್ನನ್ನು ಬಾಗಿಲಿಂದಲೇ ಕಳಿಸುತ್ತಿದ್ದರು. ಮುಖ ಕಾಣದೆ ಆರಿಸಿದರು, ಕಂಡ ಮೇಲೆ ತಮ್ಮ ಮುಖ ಸಣ್ಣದು ಮಾಡಿಕೊಂಡರು.

ನನ್ನದು ಎರಡನೇ ಪಿಟೀಲಿನವರ ಗುಂಪು, ಕೊನೆಯ ಸಾಲು, ಒಳಗಿನ ಕುರ್ಚಿ. ಎರಡನೇ ಪಿಟೀಲು ಅಂದರೆ ಮೊದಲ ಪಿಟೀಲಿನವರು ಹೇಳಿದ ಕಥೆಗೆ ಹೂಂಗುಟ್ಟುವುದು. ಒಳಗಿನ ಕುರ್ಚಿ ಅಂದರೆ ಜೊತೆಯವರಿಗೆ ಪುಟ ತಿರುಗಿಸುವುದು. ಸ್ವರದ ಹಾಳೆ ಇಡಲು ಇಬ್ಬರಿಗೆ ಒಂದೇ ಸ್ಟ್ಯಾಂಡು. ನನ್ನ ಜೊತೆಯವಳು ನಡುವಯಸ್ಸಿನ ಹೆಂಗಸು, ಬಾಯಲ್ಲಿ ಸದಾ ಪೆಪ್ಪರ್‌ಮಿಂಟು, ಕಿವಿಯಲ್ಲಿ ಬಹುಶಃ ಹತ್ತಿ. ಎದುರಿಗೆ ಕೋಲು ಹಿಡಿದ ಒಬ್ಬ ಕಂಡಕ್ಟರ್. ಒಂದು ಸ್ವರವನ್ನೂ ನುಡಿಸುವುದಿಲ್ಲ, ಚಪ್ಪಾಳೆ ಪೂರ್ತಿ ಅವನಿಗೇ. ನಾವು ಎಂಬತ್ತು ಜನ ಕೋಲೆ ಬಸವರು ತಲೆ ಆಡಿಸುತ್ತೇವೆ.

ಮೊದಲ ದಿನ ಒಂದು ತಮಾಷೆಯಾಯಿತು. ನನ್ನ ಪಕ್ಕದಲ್ಲಿ ಇನ್ನೊಬ್ಬ ಹೊಸಬ ಕೂತಿದ್ದ. ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸಿಕೊಂಡು, ನಮ್ಮ ಅಪ್ಪ ನುಡಿಸುವ ಹಾಗೆ ನುಡಿಸಿದ. ನಮ್ಮ ಗುಂಪಿನ ಮುಂದಾಳು ನಿಲ್ಲಿಸಿ, "ಹಿಂದೆ ಯಾರೋ ಊಟ ಬಡಿಸ್ತಿದ್ದಾರೆ, ನಮಗಿನ್ನೂ ಹಸಿವಾಗಿಲ್ಲ ಅಂತ ಹೇಳಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಪ್ಪ ಹೋಟೆಲಿನ ಊಟದ ಹಾಲಿನಲ್ಲಿ ನುಡಿಸುತ್ತಾನೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ನೀನೂ ಅಲ್ಲಿ ನನ್ನ ವಿಷಯ ಡಂಗುರ ಹೊಡೆಯಬೇಡ. ಮನೆ ದೊಡ್ಡದಾಗಿದೆ. ಕಿಟಕಿಯಿಂದ ನದಿ ಕಾಣುತ್ತದೆ.

ನಿನ್ನ ಅಣ್ಣ


೩ ಡಿಸೆಂಬರ್ ೧೯೭೧

ಅಣ್ಣಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ, ಹೋಟೆಲಿನ ಮಾತನ್ನು ನುಂಗಿಕೊಂಡು. ಕಂಡಕ್ಟರ್ ಎಂದಾಗ ಅಪ್ಪ, "ಇವನೇನು ಬಸ್ಸಿಗೆ ಸೇರಿದ್ನಾ?" ಎಂದು ಕೇಳಿದ. ಪಕ್ಕದ ಮನೆಯವರಂತೂ ಆರ್ಕೆಸ್ಟ್ರಾ ಅಂದರೆ ಮದುವೆಗಳಲ್ಲಿ ಹಾಡುವ ಗುಂಪು ಎಂದುಕೊಂಡು ನಿನಗೆ ಊಟವಾದರೂ ಪುಕ್ಕಟೆ ಸಿಗುತ್ತದಲ್ಲ ಎಂದು ಸಮಾಧಾನಪಟ್ಟರು.

ಒಂದು ಮಾತ್ರ ನನಗೆ ತಿಳಿಯಲಿಲ್ಲ. ಕೊನೆಯ ಸಾಲು, ಒಳಗಿನ ಕುರ್ಚಿ, ಪಕ್ಕದಲ್ಲಿ ಪೆಪ್ಪರ್‌ಮಿಂಟಮ್ಮ. ಹಾಗಾದರೆ ಆ ಇನ್ನೊಬ್ಬ ಹೊಸಬ ಎಲ್ಲಿ ಕೂತಿದ್ದ, ನಿನ್ನ ತೊಡೆಯ ಮೇಲೋ? ಉತ್ತರ ಬರೆಯಬೇಡ.

ಅಪ್ಪನ ಬಲಭುಜ ಏಳುತ್ತಿಲ್ಲ. ಮ್ಯಾನೇಜರ್ ಬೇರೆಯವರನ್ನು ಹುಡುಕುವ ಮೊದಲೇ ನಾನು ಹೋಗಿ ಅಪ್ಪನ ಜಾಗದಲ್ಲಿ ಕೂತೆ. ಆ ಮನುಷ್ಯ ಎರಡು ವಾರವಾದ ಮೇಲೆ, "ಹೆಂಗಸಾ?" ಎಂದು ಕೇಳಿದ. ಅಷ್ಟು ಗಮನ. ಜನ ತಟ್ಟೆಯ ಸದ್ದು ಮಾಡುತ್ತ, ಬಾಯಲ್ಲಿ ತುತ್ತಿಟ್ಟುಕೊಂಡೇ ಮಾತಾಡುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೆ ತಪ್ಪು ನುಡಿಸಿದರೆ ಅದು ನನ್ನದು, ಸರಿ ನುಡಿಸಿದರೂ ನನ್ನದೇ. ನಿನಗೆ ಎರಡೂ ಇಲ್ಲ. ಅಷ್ಟು ದೂರ ಹೋಗಿ ಮಂದೆ ಸೇರಿದೆ.

ನಿನ್ನ ತಂಗಿ


೨ ಮಾರ್ಚ್ ೧೯೭೯

ಅಣ್ಣಾ,

ತಂತಿ ನಿನಗೆ ಮುಟ್ಟಿರಬೇಕು. ಅಪ್ಪ ಮಂಗಳವಾರ ಹೋದ. ನರಳಲಿಲ್ಲ. ಹಿಂದಿನ ದಿನ ನನ್ನ ಕೈಯಿಂದ ಪಿಟೀಲು ಇಸಿದುಕೊಂಡು, ಕಮಾನು ಎತ್ತಲಾಗದೆ, ಬೆರಳಿನಲ್ಲೇ ಮೀಟಿ ಶ್ರುತಿ ಸರಿಮಾಡಿ ಕೊಟ್ಟ. ನೀನು ಬರುತ್ತೀಯೇನೋ ಎಂದು ಒಂದು ದಿನ ಕಾದೆವು. ಕಾಯಬೇಕು ಎಂದವಳು ನಾನಲ್ಲ, ನನ್ನ ಗಂಡ. ಅವರಿಗೆ ನೀನು ಅಷ್ಟಾಗಿ ಗೊತ್ತಿಲ್ಲ.


೨೦ ಮೇ ೧೯೭೯

ತಂಗೀ,

ತಂತಿ ಬಂದ ದಿನ ಕಾರ್ಯಕ್ರಮವಿತ್ತು. ರಜೆ ಕೇಳಿದ್ದರೆ ಕೊಡುತ್ತಿದ್ದರು. ಯಾಕೆ, ಏನು, ತಂದೆ ಏನು ಮಾಡುತ್ತಿದ್ದರು ಎಂದು ನೂರೆಂಟು ಕೇಳುತ್ತಿದ್ದರು. ಇವರ ಸಹಾನುಭೂತಿಗಿಂತ ಇವರ ಬೈಗುಳ ವಾಸಿ. ಹೋಗಿ ನುಡಿಸಿದೆ. ಪೆಪ್ಪರ್‌ಮಿಂಟಮ್ಮ ಮಾತ್ರ ಆ ದಿನ ಎರಡನೇ ಭಾಗದುದ್ದಕ್ಕೂ ಪುಟಗಳನ್ನು ತಾನೇ ತಿರುಗಿಸಿದಳು. ಯಾಕೆಂದು ಗೊತ್ತಾಗಲಿಲ್ಲ. ನಾನು ತಡಮಾಡಿದೆನೆಂದು ಇರಬೇಕು. ಇವರಿಗೆ ಎಲ್ಲದಕ್ಕೂ ಅವಸರ.

ನಮ್ಮ ಜೋಡಿ ಈಗ ಕೊನೆಯ ಸಾಲಿನಿಂದ ಒಂದು ಸಾಲು ಮುಂದೆ ಬಂದಿದೆ. ಇಲ್ಲಿ ಬಡ್ತಿಯೆಂದರೆ ಮುಂದೆ ಕೂತವನು ಸಾಯುವುದು. ಪುಣ್ಯಾತ್ಮರು, ಅದನ್ನಾದರೂ ತಾಳಕ್ಕೆ ಸರಿಯಾಗಿ ಮಾಡುವುದಿಲ್ಲ.

ಅಪ್ಪನ ಪಿಟೀಲು ನೀನೇ ಇಟ್ಟುಕೋ. ನನಗೆ ಇಲ್ಲಿ ಒಳ್ಳೆಯದಿದೆ.


೮ ಆಗಸ್ಟ್ ೧೯೮೩

ಅಣ್ಣಾ,

ಹೋಟೆಲಿನವರು ಸಂಗೀತ ನಿಲ್ಲಿಸಿ ಟೇಪ್ ರೆಕಾರ್ಡರ್ ತಂದಿಟ್ಟರು. ಅದು ಸಂಬಳ ಕೇಳುವುದಿಲ್ಲ, ನೆಗಡಿಯಾಯಿತು ಎಂದು ರಜೆ ಹಾಕುವುದಿಲ್ಲ. ನಾನು ಮನೆಯಲ್ಲೇ ಪಾಠ ಶುರುಮಾಡಿದ್ದೇನೆ. ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ತಾಯಂದಿರು ತಳ್ಳಿಕೊಂಡು ಬಂದವು. ನಮ್ಮ ಮಗಳು ಚೋಟುವನ್ನು ಯಾರೂ ತಳ್ಳಲಿಲ್ಲ. ಒಂಬತ್ತು ವರ್ಷ, ಚೋಟುದ್ದ ಇದ್ದಾಳೆ, ಅಪ್ಪನ ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡರೆ ಅವಳಿಗಿಂತ ಅದೇ ದೊಡ್ಡದು. ನಾನು ಒಂದು ಸಲ ನುಡಿಸಿದ್ದನ್ನು ಅವಳು ಅಡುಗೆಮನೆಯಲ್ಲಿ ಕೂತು ಮರುನುಡಿಸುತ್ತಾಳೆ. ನಿನಗೆ ಹೇಳೋಣ ಅನ್ನಿಸಿತು. ಅನ್ನಿಸಬಾರದಿತ್ತು.


೧೧ ನವೆಂಬರ್ ೧೯೮೩

ತಂಗೀ,

ಅನ್ನಿಸಬಾರದಿತ್ತು, ನಿಜ. ಅಡುಗೆಮನೆಯಲ್ಲಿ ಕಲಿತ ಪಿಟೀಲು ಅಡುಗೆಮನೆಯಲ್ಲೇ ಉಳಿಯಲಿ. ನಿನ್ನದು ಹೋಟೆಲಿನ ಕೈ. ಅದನ್ನು ಆ ಮಗುವಿಗೂ ಅಂಟಿಸುತ್ತಿದ್ದೀಯ. ಆ ಕೈಯನ್ನು ಬಿಡಿಸಿಕೊಳ್ಳಲು ಎಷ್ಟು ಕಷ್ಟವೆಂದು ನನ್ನನ್ನು ಕೇಳು, ಅಥವಾ ಕೇಳಬೇಡ. ಅವಳನ್ನು ಟೈಪಿಂಗಿಗೆ ಹಾಕು. ಬೆರಳಿಗೆ ಅಭ್ಯಾಸ ಹೇಗೂ ಇದೆಯಲ್ಲ.

ಹೊಸ ಕಂಡಕ್ಟರ್ ಬಂದಿದ್ದಾನೆ. ಹಳಬ ಕೋಲು ಬೀಸುತ್ತಿದ್ದ, ಇವನು ಕೂದಲು ಬೀಸುತ್ತಾನೆ.


೬ ಫೆಬ್ರವರಿ ೧೯೯೪

ಅಣ್ಣಾ,

ಹತ್ತು ವರ್ಷ ನಾವಿಬ್ಬರೂ ವರ್ಷಕ್ಕೊಂದು ಕಾರ್ಡಿನಲ್ಲಿ ಬದುಕಿದ್ದೇವೆಂದು ತಿಳಿಸಿಕೊಂಡದ್ದು ಸಾಕು. ಈ ಸಲ ಕೆಲಸವಿದೆ, ಬರೆಯುತ್ತಿದ್ದೇನೆ.

ಚೋಟುವಿಗೆ ನಿಮ್ಮ ದೇಶದ ಸಂಗೀತ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ವಿದ್ಯಾರ್ಥಿವೇತನದ ಮೇಲೆ. ನಿಮ್ಮ ಊರಲ್ಲ, ರೈಲಿನಲ್ಲಿ ಅರ್ಧ ದಿನದ ದಾರಿಯಂತೆ. ರಜೆಯಲ್ಲಿ ಒಮ್ಮೆ ನಿನ್ನ ಮನೆಗೆ ಬರಲೇ ಎಂದು ಕೇಳುತ್ತಾಳೆ. ಕೆಲಸ ಕೊಡಿಸು ಎನ್ನುತ್ತಿಲ್ಲ. ಕೂರಿಸಿಕೊಂಡು ಒಂದು ಸಲ ಅವಳ ನುಡಿಸಾಣಿಕೆ ಕೇಳು. ಬೈಯಬೇಕಾದರೆ ಬೈ, ಅವಳಿಗೆ ಅದೂ ಅಭ್ಯಾಸ ಮಾಡಿಸಿದ್ದೇನೆ.


೩೦ ಜುಲೈ ೧೯೯೪

ತಂಗೀ,

ತಡವಾಯಿತು. ಮನೆಯಲ್ಲಿ ರಿಪೇರಿ ನಡೆಯುತ್ತಿದೆ, ಎಲ್ಲೆಂದರಲ್ಲಿ ಸುಣ್ಣ, ಧೂಳು. ಅವಳು ಬರುವುದು ಬೇಡ.

ಇನ್ನೊಂದು ಮಾತು. ನೆಂಟರ ಮಕ್ಕಳನ್ನು ಕೈಹಿಡಿದು ಕರೆತರುವ ಮಾವಂದಿರು ಇದ್ದದ್ದರಿಂದಲೇ ಇಲ್ಲಿ ಪರದೆ ಕಟ್ಟಿದ್ದು. ನಾನು ಯಾರ ಸೋದರಳಿಯನೂ ಅಲ್ಲದೆ ಒಳಗೆ ಬಂದವನು. ಅವಳೂ ಹಾಗೇ ಎಲ್ಲಾದರೂ ಹೋಗಲಿ. ಕೇಳಿಸಿಕೊಂಡು ಹೇಳುವುದಕ್ಕೇನಿದೆ, ನಿನ್ನ ಶಿಷ್ಯೆ ಹೇಗೆ ನುಡಿಸುತ್ತಾಳೆಂದು ಕೇಳದೆಯೇ ಬರೆಯಬಲ್ಲೆ.


೧೮ ಮಾರ್ಚ್ ೧೯೯೬

ತಂಗೀ,

ಪೆಪ್ಪರ್‌ಮಿಂಟಮ್ಮ ನಿವೃತ್ತಳಾದಳು. ಹೋಗುವ ದಿನ ಒಂದು ಡಬ್ಬಿ ಪೆಪ್ಪರ್‌ಮಿಂಟನ್ನು ನನ್ನ ಸ್ಟ್ಯಾಂಡಿನ ಮೇಲಿಟ್ಟು, "ನೀನು ಒಂದು ಸಲವೂ ಕೇಳಲಿಲ್ಲ, ಅದಕ್ಕೆ ಕೊಡಲಿಲ್ಲ" ಎಂದಳು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಇವಳು ಯೋಚಿಸಿದ್ದು ಇದನ್ನು. ಈಗ ನಾನು ಹೊರಗಿನ ಕುರ್ಚಿಯವನು. ಒಳಗಿನ ಕುರ್ಚಿಗೆ ಆಡಿಷನ್ ನಡೆಯುತ್ತಿದೆ. ಒಂಬತ್ತು ಜನ ತೀರ್ಪುಗಾರರು, ಅವರಲ್ಲಿ ನಾನೊಬ್ಬ. ಕಾಲು ಶತಮಾನವಾದ ಮೇಲೆ ನನಗೂ ಕಿವಿಯಿದೆ ಎಂದು ಇವರಿಗೆ ಹೊಳೆಯಿತು.

ಇವತ್ತು ಇಡೀ ದಿನ ಪರದೆಯನ್ನು ನೋಡಿಕೊಂಡು ಕೂತಿದ್ದೆ. ನಾಲ್ಕನೇ ನಂಬರ್ ಕತ್ತೆಗೆ ಕೆಮ್ಮು ಬಂದ ಹಾಗೆ. ಏಳನೇ ನಂಬರ್ ಹೊಲಿಗೆ ಮಿಷನ್ನು. ಒಂದು ಹೊಲಿಗೆ ತಪ್ಪುವುದಿಲ್ಲ, ಒಂದು ಬಟ್ಟೆಯೂ ಆಗುವುದಿಲ್ಲ. ಆಮೇಲೆ ಹನ್ನೊಂದನೇ ನಂಬರ್. ಹತ್ತರ ಜೊತೆ ಹನ್ನೊಂದಾಗಿ ಹೋಗಿದ್ದರೆ ನನಗೆ ತಕರಾರಿರಲಿಲ್ಲ. ಮೊದಲ ಪುಟ ನಡುಗಿತು. ಎರಡನೇ ಪುಟಕ್ಕೆ ಬಂತು ನೋಡು ಆ ಜಾರು. ನಿಧಾನವಾಗಿ, ಒಂದಿಷ್ಟೂ ನಾಚಿಕೆಯಿಲ್ಲದೆ, ಮೇಲಿನ ಸ್ವರವನ್ನು ಮುಟ್ಟುವ ಮೊದಲು ಹೊಸ್ತಿಲ ಮೇಲೆ ಗಳಿಗೆ ನಿಂತ ಹಾಗೆ. ಅಪ್ಪಟ ಊಟದ ಹಾಲಿನ ಸಂಗೀತ. ನಾನು ವರ್ಷಗಟ್ಟಲೆ ಉಜ್ಜಿ ಉಜ್ಜಿ ತೊಳೆದ ಕೊಳೆಯನ್ನು ಯಾರೋ ಬೆಳ್ಳಿ ತಟ್ಟೆಯಲ್ಲಿಟ್ಟು ತಂದಿದ್ದಾರೆ. ಮಿಕ್ಕವರು ಕಣ್ಣುಮುಚ್ಚಿಕೊಂಡು ಕೇಳಿದರು. ಪಕ್ಕದ ಮುದುಕ, "ಎಷ್ಟು ಕಾಲ ಆಯ್ತು ಇಂಥದ್ದು ಕೇಳಿ" ಎಂದು ಮೂಗು ಸೀಟಿಕೊಂಡ. ನಾನು ಸೊನ್ನೆ ಹಾಕಿದೆ. ಇಂಥದ್ದನ್ನು ಕಲಿಸಿದವರ ಕೈಯಿಂದ ಕಮಾನು ಕಿತ್ತುಕೊಂಡು ಪೊರಕೆ ಕೊಡಬೇಕು.

ಆದರೂ ಹನ್ನೊಂದು ಕೊನೆಯ ಸುತ್ತಿಗೆ ದಾಟಿಬಿಟ್ಟಿದೆ. ನಾಳೆ ತೀರ್ಪು. ಅದಾದ ಮೇಲೆ ಪರದೆ ಸರಿಸುತ್ತಾರೆ. ನಾಳೆಯೂ ನನ್ನ ಸೊನ್ನೆ ಸಿದ್ಧವಾಗಿದೆ.


೧೯ ಮಾರ್ಚ್ ೧೯೯೬

ತಂಗೀ,

ನಿನ್ನೆ ಒಂದು ಕಾಗದ ಹಾಕಿದ್ದೇನೆ. ಅದನ್ನು ಒಡೆಯದೆ ಒಲೆಗೆ ಹಾಕು. ಮೈಗೆ ಹುಷಾರಿರಲಿಲ್ಲ, ಏನೇನೋ ಬರೆದಿದ್ದೇನೆ.


೩ ಏಪ್ರಿಲ್ ೧೯೯೬

ಅಣ್ಣಾ,

ಎರಡೂ ಒಂದೇ ದಿನ ಬಂದವು. ಒಡೆಯಬೇಡ ಎಂದ ಕಾಗದವನ್ನು ಒಡೆಯದೆ ಇರುವ ಹೆಂಗಸು ನಾನಲ್ಲವೆಂದು ನಿನಗೆ ಗೊತ್ತಿರಬೇಕಿತ್ತು.

ಅಷ್ಟರಲ್ಲಾಗಲೇ ಚೋಟು ಫೋನ್ ಮಾಡಿದ್ದಳು. ನಿಮ್ಮಲ್ಲಿಗೆ ಅರ್ಜಿ ಹಾಕಿದ್ದನ್ನು ನಿನಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನೀನು ಬರೆದದ್ದನ್ನು ಅವಳು ಅಕ್ಷರಕ್ಕೆ ಅಕ್ಷರ ಪಾಲಿಸಿದಳು, ಯಾರ ಸೋದರಸೊಸೆಯೂ ಆಗದೆ ಒಳಗೆ ಬಂದಳು. ಪರವಾಗಿ ಐದು, ವಿರುದ್ಧವಾಗಿ ನಾಲ್ಕು ಮತವಂತೆ. ಆ ನಾಲ್ವರಲ್ಲಿ ಒಬ್ಬರು ಯಾರೆಂದು ನಾನು ಅವಳಿಗೆ ಹೇಳಲಿಲ್ಲ.

ಪರದೆ ಸರಿಸಿ ಹೆಸರು ಓದಿದಾಗ ಅವಳು ಕಾಲುಚೀಲದಲ್ಲಿ ನಿಂತಿದ್ದಳಂತೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ನೀನು ಕನ್ನಡಕ ತೆಗೆದು ಒರೆಸುತ್ತಿದ್ದೆಯಂತೆ. "ನನ್ನ ನೋಡಿ ಮಾವನಿಗೆ ಕಣ್ಣು ತುಂಬಿ ಬಂತಮ್ಮ" ಎಂದಳು. ನಾನು ಹೂಂ ಎಂದೆ. ಆಮೇಲೆ ಕಾರಿಡಾರಿನಲ್ಲಿ ಹಿಡಿದು, ನಾವು ನೆಂಟರೆಂದು ಇಲ್ಲಿ ಯಾರಿಗೂ ಹೇಳಬೇಡ ಎಂದೆಯಂತೆ. ಅದಕ್ಕೂ ಅವಳು ಒಳ್ಳೆಯ ಅರ್ಥವನ್ನೇ ಕಟ್ಟಿದ್ದಾಳೆ. ಅವಳಿಗೆ ನಾನು ಸ್ವರ ಕಲಿಸಿದೆ, ಜನರನ್ನು ಓದುವುದು ಕಲಿಸಲಿಲ್ಲ.

ಒಂದೇ ಒಂದು ಪ್ರಶ್ನೆ. ಆ ಜಾರು ಯಾರದೆಂದು ನಿನಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೇ ಸೊನ್ನೆ ಹಾಕಿದೆಯೋ? ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆಯೆಂದು ನಾನಿನ್ನೂ ತೂಗುತ್ತಿದ್ದೇನೆ.

ಪೊರಕೆ ನನ್ನ ಮನೆಯಲ್ಲೇ ಇದೆ. ನೀನು ಬಂದ ದಿನ ಉಪಯೋಗಕ್ಕೆ ಬರುತ್ತದೆ.


೨೨ ಸೆಪ್ಟೆಂಬರ್ ೧೯೯೬

ತಂಗೀ,

ನಿನ್ನ ಮಗಳೆಂದು ಗೊತ್ತಿರಲಿಲ್ಲ. ಅಪ್ಪ ಎಂದು ಗೊತ್ತಾಗಿತ್ತು. ಎರಡನೇ ಪುಟದ ಮೂರನೇ ಸಾಲಿನಲ್ಲೇ ಗೊತ್ತಾಗಿತ್ತು. ತೂಗಿಕೋ.

ಅವಳಿಗೆ ಒಂದು ವರ್ಷದ ಪರೀಕ್ಷಾ ಅವಧಿ. ಅದಾದ ಮೇಲೆ ನಮ್ಮ ಗುಂಪು ಕೂತು ಖಾಯಂ ಮಾಡಬೇಕೋ ಬೇಡವೋ ಎಂದು ಕೈಯೆತ್ತಬೇಕು. ಅಲ್ಲಿಯವರೆಗೆ ನನ್ನ ಪಕ್ಕದಲ್ಲಿ ಕೂತು ಪುಟ ತಿರುಗಿಸುತ್ತಾಳೆ. ತುಂಬ ಬೇಗ ತಿರುಗಿಸುತ್ತಾಳೆ. ಪೆನ್ಸಿಲಿನಿಂದ ಹಾಳೆಯ ಮೇಲೆ ಸಣ್ಣ ಸಣ್ಣ ಗೊಂಬೆ ಬರೆಯುತ್ತಾಳೆ. ಕಂಡಕ್ಟರನ ಕೂದಲನ್ನು ಪೊದೆಯ ಹಾಗೆ ಬರೆದು ಅದರಲ್ಲೊಂದು ಹಕ್ಕಿ ಕೂರಿಸಿದ್ದಾಳೆ. ಸಾಲುಸಾಲಾಗಿ ಜಾರುತ್ತಾಳೆ. ಮುಂದಾಳು ಹಿಂದೆ ತಿರುಗಿ ತಿರುಗಿ ನೋಡುತ್ತಾನೆ. ಮೊದಲ ದಿನ ಪಕ್ಕದಲ್ಲಿ ಬಂದು ಕೂತು ಎಲ್ಲರೆದುರಿಗೂ, "ನಮಸ್ಕಾರ ಸರ್" ಎಂದಳು. ಈಗಲೂ ಸರ್ ಎನ್ನುತ್ತಾಳೆ. ಯಾರೂ ಇಲ್ಲದಾಗಲೂ ಸರ್. ನೀನು ಕಲಿಸಿದ ಮರ್ಯಾದೆ ಇದೇ ಇರಬೇಕು.


೫ ನವೆಂಬರ್ ೧೯೯೬

ಅಣ್ಣಾ,

ಯಾರಿಗೂ ಹೇಳಬೇಡ ಎಂದವನು ನೀನು, ಸರ್ ಎಂದರೆ ಮೂಗು ಮುರಿಯುವವನೂ ನೀನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನ ಪಕ್ಕದಲ್ಲಿ ಕೂತು ಏಳು ತಿಂಗಳಾಯಿತು. ಒಂದು ಹೊತ್ತು ಮನೆಗೆ ಕರೆದಿಲ್ಲ. ರಿಪೇರಿ ಇನ್ನೂ ಮುಗಿದಿಲ್ಲವೋ? ಅಷ್ಟು ದೊಡ್ಡ ಮನೆ, ಮುಗಿಯುವುದಾದರೂ ಹೇಗೆ.

ಕೈಯೆತ್ತುವ ದಿನ ನೀನೇನು ಮಾಡುತ್ತೀಯೆಂದು ಕೇಳುವುದಿಲ್ಲ. ನಿನ್ನ ಕೈ ನನಗೆ ಗೊತ್ತು.


೨೭ ಮಾರ್ಚ್ ೧೯೯೭

ತಂಗೀ,

ಇವತ್ತು ಸಭೆಯಿತ್ತು. ನೀನು ಚೋಟುವಿನಿಂದ ಅರ್ಧಂಬರ್ಧ ಕೇಳಿ ಕಥೆ ಕಟ್ಟುವ ಮೊದಲು ನಾನೇ ಬರೆಯುತ್ತೇನೆ. ಅವಳು ಒಳಗಿರಲಿಲ್ಲ.

ತಾಲೀಮಿನ ಹಾಲಿನ ಪಕ್ಕದ ಕೋಣೆ. ಗುಂಪಿನವರೆಲ್ಲ ಇದ್ದೆವು. ಮುಂದಾಳು ಗಂಟಲು ಸರಿಮಾಡಿಕೊಂಡು, "ಹುಡುಗಿ ಒಳ್ಳೆಯವಳು, ಕೈ ಚೆನ್ನಾಗಿದೆ. ಆದ್ರೆ ಆ ಹಳೇ ಕಾಲದ ಜಾರು ನಮ್ಮ ಗುಂಪಿಗೆ ಹೊಂದಲ್ಲ. ಅದು ಅಂಟುರೋಗ ಬೇರೆ. ಹೋದ ವಾರ ಜಾರಿದ್ದು ಅವಳಲ್ಲ" ಎಂದು ನನ್ನ ಕಡೆ ನೋಡಿದ.

ನಾನು ಜಾರಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ನೆನಪಾಯಿತು, ಜಾರಿದ್ದೆ. ಅವಳು ಪಕ್ಕದಲ್ಲಿ ಮೇಲಕ್ಕೆ ಹೋಗುವಾಗ ನನ್ನ ಬೆರಳು ನನ್ನನ್ನು ಕೇಳದೆ ಅವಳ ಹಿಂದೆಯೇ ಹೋಗಿತ್ತು.

"ಅದು ರೋಗ ಅಲ್ಲ" ಎಂದೆ. "ಅದು ನಮ್ಮಪ್ಪನದು. ಹೋಟೆಲಲ್ಲಿ ಜನ ಊಟ ಮಾಡುವಾಗ ಪಿಟೀಲು ನುಡಿಸ್ತಿದ್ದರು. ಈ ಹುಡುಗಿ ನನ್ನ ತಂಗಿ ಮಗಳು. ನನಗೆ ಹೊಂದದೇ ಇದ್ದಿದ್ದು ಆ ಜಾರಲ್ಲ, ನೀವು."

ಇಪ್ಪತ್ತಾರು ವರ್ಷದಲ್ಲಿ ನಾನು ಸಭೆಯಲ್ಲಿ ಆಡಿದ ಮೊದಲ ಮಾತು. ಇವರ ಮುಖಗಳನ್ನು ನೀನು ನೋಡಬೇಕಿತ್ತು, ಮೀನಿನಂಗಡಿಯ ಕಟ್ಟೆಯ ಹಾಗೆ. ಮುಂದಾಳು ನಿಯಮ ಓದಿದ: ನೆಂಟರಿಗೆ ಮತವಿಲ್ಲ, ಕೋಣೆಯಲ್ಲೂ ಇರುವಂತಿಲ್ಲ. ಹೊರಗೆ ಹೋದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಒಂದು ಕೈ ಹೆಚ್ಚಿರುತ್ತಿತ್ತು. ಈ ಬುದ್ಧಿ ಕಾರಿಡಾರಿನಲ್ಲಿ ಬಂತು. ಅವಳು ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು.

"ಏನಾಯ್ತು ಸರ್?" ಎಂದಳು.

"ಮಾವ ಅನ್ನು. ಎಲ್ಲರಿಗೂ ಗೊತ್ತಾಯ್ತು" ಎಂದೆ.

"ಅಯ್ಯೋ, ಅಂದ್ರೆ ನಿಮ್ಮ ಮತ ಹೋಯ್ತಲ್ಲ ಮಾವ" ಎಂದಳು. ಲೆಕ್ಕದಲ್ಲಿ ನಿನ್ನ ಹಾಗೇ ಚುರುಕು.

ಕೈಗಳು ಸಾಕಷ್ಟು ಎದ್ದವು. ಖಾಯಂ ಆಯಿತು. ಬಾಗಿಲ ಹತ್ತಿರ ಒಬ್ಬಿಬ್ಬರು ನನ್ನ ಕೈಕುಲುಕಿದರು. ಇಷ್ಟು ವರ್ಷವೂ ಇವರಿಗೆ ಕೈಗಳಿದ್ದವು ಎಂದು ಇವತ್ತು ಗೊತ್ತಾಯಿತು.


೧೫ ಏಪ್ರಿಲ್ ೧೯೯೭

ಅಣ್ಣಾ,

ಓದಿದೆ. ಹೊಗಳುತ್ತೇನೆಂದು ಕಾಯಬೇಡ. ತಂದೆಯನ್ನು ತಂದೆ ಎನ್ನಲು ಇಪ್ಪತ್ತಾರು ವರ್ಷ ತೆಗೆದುಕೊಂಡವನಿಗೆ ಹಾರ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅಪ್ಪ ಇದ್ದಿದ್ದರೆ, "ಕೊನೆಗೂ ಶ್ರುತಿ ಸೇರ್ತಾ?" ಎಂದಷ್ಟೇ ಕೇಳಿ ಕಾಫಿ ಕುಡಿಯುತ್ತಿದ್ದ.

ಅವಳನ್ನು ಊಟಕ್ಕೆ ಕರೆ. ಸುಣ್ಣ ಒಣಗಿರಬೇಕು.


೪ ಮೇ ೧೯೯೭

ತಂಗೀ,

ಕರೆದೆ. ಇವತ್ತು ಮಧ್ಯಾಹ್ನ ಬಂದಿದ್ದಳು. ಅವಳು ನಿನಗೆ ಹೇಳುವ ಮೊದಲು ನಾನೇ ಹೇಳುತ್ತೇನೆ. ಮನೆ ದೊಡ್ಡದಲ್ಲ. ಒಂದೇ ಕೋಣೆ, ಮೂರನೇ ಮಹಡಿ. ನದಿ ಕಾಣುವುದಿಲ್ಲ, ಎದುರುಮನೆಯವರ ಒಗೆದ ಬಟ್ಟೆ ಕಾಣುತ್ತದೆ. ರಿಪೇರಿ ಯಾವತ್ತೂ ನಡೆದಿಲ್ಲ, ನಡೆಯಬೇಕಿತ್ತು.

ಅವಳು ಬಾಗಿಲಲ್ಲೇ ನಿಂತು ಒಮ್ಮೆ ಸುತ್ತ ನೋಡಿದಳು. ಏನೂ ಅನ್ನಲಿಲ್ಲ. ಅನ್ನದೆ ಇರುವುದು ನಿನ್ನಿಂದ ಬಂದದ್ದಲ್ಲ. ನಾನು ಅನ್ನ ಸೀದಿಸಿದ್ದೆ, ಮೇಲಿನ ಅರ್ಧ ತಿಂದೆವು. ತಿನ್ನುತ್ತ ಕೇಳಿದಳು, "ಮಾವ, ಆವತ್ತು ಹನ್ನೊಂದನೇ ನಂಬರಿಗೆ ಎಷ್ಟು ಹಾಕಿದ್ರಿ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. "ಸೊನ್ನೆ" ಎಂದೆ. "ಎರಡು ಸಲ."

ಅವಳು ತಟ್ಟೆ ಕೆಳಗಿಟ್ಟಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಕೊನೆಗೆ, "ಮೊದಲನೇ ಪುಟಕ್ಕೆ ಸೊನ್ನೆ ಸರಿ" ಎಂದಳು. "ಜಮಖಾನ ತೇವ ಇತ್ತು, ಕಾಲು ಮರಗಟ್ಟಿತ್ತು, ಕಮಾನು ನಡುಗ್ತಿತ್ತು. ಎರಡನೇ ಪುಟಕ್ಕ್ಯಾಕೆ?"

ಅದಕ್ಕೆ ಉತ್ತರ ಹೇಳಲು ಅಪ್ಪನ ಕಥೆ ಮೊದಲಿನಿಂದ ಹೇಳಬೇಕಾಯಿತು. ನಡುನಡುವೆ ನೀನೂ ಬಂದೆ. ನಿನ್ನ ಬಗ್ಗೆ ಒಳ್ಳೆಯದೇನೂ ಹೇಳಲಿಲ್ಲ, ಹೆದರಬೇಡ. ಅವಳು ಪೂರ್ತಿ ಕೇಳಿದಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಪಾತ್ರೆ ತೊಳೆದಿಟ್ಟು, "ಮುಂದಿನ ಭಾನುವಾರ ಅನ್ನ ನಾನು ಮಾಡ್ತೀನಿ" ಎಂದು ಹೋದಳು.

ಅಷ್ಟು ಹೊತ್ತೂ ಅವಳು ಕುರ್ಚಿಯ ಮೇಲೆ ಕೂತಿದ್ದಳು, ನಾನು ಟ್ರಂಕಿನ ಮೇಲೆ. ಈ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಇಷ್ಟು ವರ್ಷ ಅದು ನನಗೆ ಕಡಿಮೆಯೆನಿಸಿರಲಿಲ್ಲ. ಶನಿವಾರ ಅಂಗಡಿಗೆ ಹೋಗಿ ಇನ್ನೊಂದು ತರುತ್ತೇನೆ. ಈ ಊರಿನ ಬಡಗಿಗಳಿಗೆ ಕುರ್ಚಿ ಮಾಡಲು ಬರುವುದಿಲ್ಲ. ಕೂತರೆ ಕಿರುಗುಟ್ಟುತ್ತದೆ, ಕಾಲು ಒಂದೊಂದು ಒಂದೊಂದು ದಿಕ್ಕಿಗೆ. ಆದರೂ ತರುತ್ತೇನೆ.

ನಿನ್ನ ಅಣ್ಣ